ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಫೈಲನ್ನು ಫೋನಿನಲ್ಲೇ ಪಿಡಿಎಫ್ ಮಾಡಿ ಪ್ರೂಫ್ ತಿದ್ದಲು ಯಾವ ಆ್ಯಪ್ ಒಳ್ಳೆಯದು?

ನಮ್ಮೂರ ಶಾಲೆಯ ಸ್ಮರಣ ಸಂಚಿಕೆಯ ಪ್ರೂಫ್ ನನ್ನ ಪಾಲಿಗೆ ಬಂದಾಗ ನಾನೂ ಆ್ಯಪನ್ನೇ ಹುಡುಕಿದ್ದೆ. ಪುಟ ಜೋಡಿಸುವ ಡಿಟಿಪಿಯವರು ವಾಟ್ಸಾಪಿನಲ್ಲಿ ವರ್ಡ್ ಫೈಲ್ ಕಳಿಸಿದ್ದರು. ತೆರೆದರೆ ಕನ್ನಡವೇ ಇಲ್ಲ. ‘ನ’ ಇರಬೇಕಾದ ಕಡೆಯೆಲ್ಲ ಪೌಂಡ್ ಚಿಹ್ನೆ, ಉಳಿದಂತೆ ತಲೆಯ ಮೇಲೆ ಗೆರೆ ಹೊತ್ತ ಇಂಗ್ಲಿಷ್ ಅಕ್ಷರಗಳು. ಬೇರೆ ಬೇರೆ ಆ್ಯಪ್ ಹಾಕಿಕೊಂಡು ಪಿಡಿಎಫ್ ಮಾಡಿದರೂ ಅದೇ ಗತಿ.

ಆ್ಯಪ್ ಬದಲಿಸಿ ಪ್ರಯೋಜನವಿಲ್ಲ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳು ಯೂನಿಕೋಡ್ (ಎಲ್ಲ ಯಂತ್ರಗಳಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲ. ಫೈಲಿನೊಳಗೆ ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತ, ಅದಕ್ಕೆ ಕನ್ನಡದ ರೂಪ ಕೊಡುವುದು ಫಾಂಟ್. ಅದು ನಿಮ್ಮ ಫೋನಿನಲ್ಲಿಲ್ಲ. ಆದ್ದರಿಂದ ಪಿಡಿಎಫ್ ಆಗಬೇಕಾದದ್ದು ಡಿಟಿಪಿಯವರ ಕಂಪ್ಯೂಟರಿನಲ್ಲೇ. ಅಲ್ಲಿ ಮಾಡಿದರೆ ಫಾಂಟ್ ಕೂಡ ಪಿಡಿಎಫ್ ಒಳಗೇ ಸೇರಿಕೊಂಡು ಬರುತ್ತದೆ. 1993ರಲ್ಲಿ ಅಡೋಬಿ ಪಿಡಿಎಫ್ ತಂದದ್ದೇ ಯಾವ ಯಂತ್ರದಲ್ಲಿ ತೆರೆದರೂ ಪುಟ ಒಂದೇ ಥರ ಕಾಣಲಿ ಎಂದು. ಯೂನಿಕೋಡ್ ಫೈಲಾದರೆ ಮಾತ್ರ ಗೂಗಲ್ ಡಾಕ್ಸ್‌ನಲ್ಲೋ ವರ್ಡ್ ಆ್ಯಪ್‌ನಲ್ಲೋ ಫೋನಿನಲ್ಲೇ ಮಾಡಿಕೊಳ್ಳಿ, ತೊಂದರೆಯಿಲ್ಲ.

ನನಗೆ ನಿಜವಾಗಿ ಪೆಟ್ಟು ಬಿದ್ದದ್ದು ಆಮೇಲೆ. ಸರಿಯಾದ ಪಿಡಿಎಫ್ ಬಂತು. ತಪ್ಪು ಕಂಡಲ್ಲೆಲ್ಲ ಹಳದಿ ಬಳಿದು, ಪಕ್ಕದಲ್ಲಿ ಕಾಮೆಂಟ್ ಚೀಟಿ ಅಂಟಿಸಿ, ತಿದ್ದುಪಡಿಯನ್ನು ಆ ಚೀಟಿಯೊಳಗೆ ಟೈಪ್ ಮಾಡಿದೆ. ಪಿಡಿಎಫ್‌ನಲ್ಲಿ ಪುಟದ ಅಕ್ಷರ ಬೇರೆ, ನಾವು ಹಾಕುವ ಗುರುತು ಬೇರೆ. ಗುರುತು ಪುಟಕ್ಕೆ ತಗುಲಿಕೊಂಡಿರುತ್ತದೆ ಅಷ್ಟೇ, ಪುಟದ ಭಾಗವಾಗಿರುವುದಿಲ್ಲ. ಚೀಟಿಯೊಳಗಿನ ಮಾತು ಕಾಣಬೇಕಾದರೆ ಅದರ ಮೇಲೆ ಒತ್ತಬೇಕು. ಡಿಟಿಪಿಯವರು ಒತ್ತಲಿಲ್ಲ, ಪ್ರಿಂಟ್ ತೆಗೆದು ಪಕ್ಕದಲ್ಲಿಟ್ಟುಕೊಂಡು ತಿದ್ದಿದರು. ಕಾಗದದ ಮೇಲೆ ಬಂದದ್ದು ಹಳದಿ ಮಾತ್ರ. ಹಳದಿಯ ಕೆಳಗೆ ಕಣ್ಣಿಗೆ ಕಂಡ ಕಾಗುಣಿತದ ತಪ್ಪನ್ನು ಸರಿ ಮಾಡಿದರು, ತಪ್ಪು ಕಾಣದ ಕಡೆ ಹಾಗೇ ಬಿಟ್ಟರು. ಅವರನ್ನು ದೂರುವಂತಿಲ್ಲ. ಫೋನ್ ಮಾಡಿ ‘ಚೀಟಿ ಕಾಣ್ತಿದೆಯಾ?’ ಅಂತ ಕೇಳಬೇಕಾದವನು ನಾನು. ಹೀಗೆ ಉಳಿದ ಹೆಸರುಗಳಲ್ಲಿ ಒಂದು ನಮ್ಮ ನಿವೃತ್ತ ಮೇಷ್ಟ್ರದು. ಅದರ ಹಿಂದೆ ಯಾರೋ ‘ದಿ.’ ಸೇರಿಸಿದ್ದರು, ತೆಗೆಯಿರಿ ಎಂದು ಚೀಟಿಯಲ್ಲಿ ಬರೆದಿದ್ದೆ. ಸಂಚಿಕೆ ಅಚ್ಚಾಗಿ ಬಂದಾಗ ಬದುಕಿರುವ ಮೇಷ್ಟ್ರ ಹೆಸರಿನ ಹಿಂದೆ ಆ ‘ದಿ.’ ಹಾಗೇ ಇತ್ತು. ಬಿಡುಗಡೆಯ ದಿನ ಅವರು ವೇದಿಕೆಯ ಮೇಲಿದ್ದರು. ಮರುದಿನ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವರು ದೊಡ್ಡ ಮನಸ್ಸು ಮಾಡಿದರು, ಅವರ ಮಗಳು ಮಾತಾಡಲಿಲ್ಲ.

ಹಾಗಾಗಿ ಕಾಮೆಂಟ್ ಚೀಟಿ ಬೇಡವೇ ಬೇಡ ಅನ್ನುತ್ತೇನೆ. ಪೆನ್ ಟೂಲ್ ತೆಗೆದುಕೊಳ್ಳಿ, ಪುಟವನ್ನು ಹಿಗ್ಗಿಸಿ, ತಪ್ಪನ್ನು ಕೆಂಪಿನಲ್ಲಿ ಹೊಡೆದುಹಾಕಿ ಸರಿಯಾದದ್ದನ್ನು ಅಂಚಿನಲ್ಲಿ ಕೈಯಲ್ಲೇ ಬರೆಯಿರಿ. ಆಕ್ರೊಬ್ಯಾಟ್ ರೀಡರ್, ಕ್ಸೋಡೊ, ಐಫೋನಿನ ಮಾರ್ಕಪ್ ಎಲ್ಲದರಲ್ಲೂ ಪೆನ್ ಇದೆ, ಯಾವುದಾದರೂ ಆದೀತು. ಬೆರಳಿನಲ್ಲಿ ಬರೆದದ್ದು ಸೊಟ್ಟಗಾದರೂ ಓದಲು ಬಂದರೆ ಸಾಕು. ಇನ್ನೊಂದು: ನುಡಿಯ ಪಿಡಿಎಫ್‌ನಲ್ಲಿ ಕನ್ನಡ ಪದ ಹಾಕಿ ಹುಡುಕಿದರೆ ಸಾಮಾನ್ಯವಾಗಿ ಸಿಗುವುದಿಲ್ಲ, ಸಾಲು ಸಾಲಾಗಿ ಕಣ್ಣಲ್ಲೇ ಓದಬೇಕು.

ಮುಗಿದ ಮೇಲೆ ಆಂಡ್ರಾಯ್ಡ್ ಆದರೆ ಪ್ರಿಂಟ್ ಒತ್ತಿ ‘ಸೇವ್ ಆ್ಯಸ್ ಪಿಡಿಎಫ್’ ಆರಿಸಿ, ಗುರುತುಗಳು ಪುಟದಲ್ಲೇ ಸೇರಿಹೋಗುವಂತೆ ಹೊಸ ಪ್ರತಿ ಮಾಡಿ, ಅದನ್ನು ಬೇರೊಂದು ಆ್ಯಪ್‌ನಲ್ಲಿ ತೆರೆದು ನೋಡಿ. ನಿಮ್ಮ ಕೆಂಪು ಗೆರೆಗಳು ಅಲ್ಲೂ ಕಂಡರೆ ಮಾತ್ರ ಡಿಟಿಪಿಯವರಿಗೆ ಕಳಿಸಿ, ಹೆಸರುಗಳ ಪಟ್ಟಿಯನ್ನಷ್ಟೇ ಫೋನಿನಲ್ಲಿ ಇನ್ನೊಮ್ಮೆ ಓದಿ ಹೇಳಿ.