ನೋವು ಬರಲಿ ಎಂದು ಏಕೆ ಕಾಯಬೇಕು?

ಪತ್ರ: ಮಗಳಿಗೆ ಕಳೆದ ತಿಂಗಳು ಸಿಸೇರಿಯನ್ ಆಯಿತು. ಆರು ಗಂಟೆಗೊಮ್ಮೆ ಪ್ಯಾರಸಿಟಮಾಲ್, ಐಬುಪ್ರೊಫೇನ್ ಕೊಡಿ ಎಂದರು. ಹೊಟ್ಟೆ ಕೊಯ್ದವಳಿಗೆ ಜ್ವರದ ಮಾತ್ರೆ ಸಾಕೆ? ನೋವಿಲ್ಲದಾಗಲೂ ಏಕೆ ನುಂಗಬೇಕು? ಹಾಲಿಗೆ ಸೇರೀತೆಂದು ರಾತ್ರಿಯ ಮಾತ್ರೆ ನಾನೇ ತಪ್ಪಿಸಿದೆ. ನಾವೆಲ್ಲ ಹಲ್ಲು ಕಚ್ಚಿ ತಡೆದುಕೊಂಡವರು. ಮುಂದಿನ ತಿಂಗಳು ಸೊಸೆಗೂ ಸಿಸೇರಿಯನ್ ಇದೆ. ಏನು ಮಾಡಲಿ? (ಹೆಸರು ಬೇಡ ಎಂದಿದ್ದಾರೆ)

ಉತ್ತರ: ಅಮ್ಮಾ, ನೀವು ತಡೆದುಕೊಂಡದ್ದು ನಿಜ, ಆ ಗಟ್ಟಿತನಕ್ಕೆ ಕೈ ಮುಗಿಯುತ್ತೇನೆ. ಆದರೆ ಅದೇ ಕಾರಣಕ್ಕೆ ಮಗಳೂ ತಡೆದುಕೊಳ್ಳಬೇಕೆಂದರೆ ಒಪ್ಪಲಾರೆ.

‘ಜ್ವರದ ಮಾತ್ರೆ’ ಎಂದು ತಳ್ಳಿಹಾಕಬೇಡಿ. ಹೆರಿಗೆಯಾದ ಮೇಲೆ ಗರ್ಭಕೋಶ ಕುಗ್ಗುವಾಗಿನ ಹಿಂಡುವ ನೋವು, ಹೊಲಿಗೆಯ ಸುತ್ತಲಿನ ಬಾವು, ಎರಡರಲ್ಲೂ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕದ ಪಾತ್ರವಿದೆ. ಐಬುಪ್ರೊಫೇನ್ ಅದು ತಯಾರಾಗುವುದನ್ನೇ ತಡೆಯುತ್ತದೆ. ಪ್ಯಾರಸಿಟಮಾಲ್‌ನ ದಾರಿ ಬೇರೆ. ಅದಕ್ಕೇ ಒಂದೊಂದೇ ಕೊಡುವುದಕ್ಕಿಂತ ಎರಡನ್ನೂ ಸೇರಿಸಿ ಕೊಟ್ಟಾಗ ಹೆಚ್ಚು ಆರಾಮ. ಹಾಲಿನ ಚಿಂತೆಯೂ ಬೇಡ. ಇವೆರಡೂ ಹಾಲಿಗೆ ಇಳಿಯುವುದು ತೀರಾ ಅಲ್ಪ. ನೀವು ಹೆದರಬೇಕಾದ ಮಾತ್ರೆಗಳು ಬೇರೆ ಇವೆ. ಕೊಡೀನ್, ಟ್ರಮಡಾಲ್ ಎಂಬ ಅಫೀಮು ವರ್ಗದ ನೋವಿನ ಮಾತ್ರೆಗಳು ಕೆಲವರ ಮೈಯಲ್ಲಿ ಬಹಳ ಬೇಗ ತೀಕ್ಷ್ಣ ರೂಪಕ್ಕೆ ತಿರುಗಿ, ಹಾಲು ಕುಡಿದ ಮಗುವಿಗೆ ಮಂಪರು ಹತ್ತಿ ಉಸಿರೇ ನಿಧಾನವಾಗಬಹುದು. ಹಾಲೂಡಿಸುವ ತಾಯಂದಿರು ಇವೆರಡನ್ನೂ ತೆಗೆದುಕೊಳ್ಳಬಾರದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲೇ ಎಚ್ಚರಿಸಿತು.

ಅಫೀಮು ವರ್ಗದ ಮದ್ದಿಗೆ ಜಾಗವೇ ಇಲ್ಲವೆನ್ನುತ್ತಿಲ್ಲ. ಬೆನ್ನಿಗೆ ಕೊಡುವ ಅರಿವಳಿಕೆಯ ಜೊತೆ ಚೂರು ಮಾರ್ಫಿನ್ ಸೇರಿಸಿದರೆ ಮೊದಲ ದಿನ ಹಗುರಾಗುತ್ತದೆ. ಮಾತ್ರೆಗಳಿಗೆ ಬಗ್ಗದ ನೋವಿಗೆ ವೈದ್ಯರು ಕೊಟ್ಟರೆ ಬೇಡವೆನ್ನಬಾರದು. ಆದರೆ ಅದು ಕೊನೆಯ ಮೆಟ್ಟಿಲು. ಅದರಿಂದ ವಾಕರಿಕೆ, ತುರಿಕೆ, ಮಲಬದ್ಧತೆ. ಹೊಲಿಗೆ ಹಾಕಿದ ಹೊಟ್ಟೆಯಲ್ಲಿ ಮುಕ್ಕರಿಯಬೇಕಾಗಿ ಬಂದವಳನ್ನು ಕೇಳಿ ನೋಡಿ.

ಈಗ ‘ನೋವಿಲ್ಲದಾಗ ಏಕೆ’ ಎಂಬ ಪ್ರಶ್ನೆ. ನಮ್ಮಕ್ಕನಿಗೆ ಸಿಸೇರಿಯನ್ ಆದ ಆಸ್ಪತ್ರೆಯಲ್ಲಿ ‘ನೋವು ಬಂದರೆ ಕರೆಯಿರಿ’ ಎಂದಿದ್ದರು. ರಾತ್ರಿ ಮೂರು ಗಂಟೆಗೆ ಅಕ್ಕ ಕರೆದಳು. ನರ್ಸ್ ಬಂದು, ಚೀಟಿ ನೋಡಿ, ಮಾತ್ರೆ ತಂದು, ಅದು ಹಿಡಿಯುವ ಹೊತ್ತಿಗೆ ಒಂದು ಗಂಟೆ ಕಳೆದಿತ್ತು. ಅಷ್ಟು ಹೊತ್ತೂ ಅವಳು ದಿಂಬನ್ನು ಹೊಟ್ಟೆಗೆ ಅವುಚಿಕೊಂಡು ಕೆಮ್ಮನ್ನು ನುಂಗುತ್ತಿದ್ದಳು. ತೊಟ್ಟಿಲು ಎರಡೇ ಹೆಜ್ಜೆ ದೂರದಲ್ಲಿತ್ತು, ಅಳುವ ಮಗುವನ್ನು ನಾನೇ ಎತ್ತಿ ಕೊಟ್ಟೆ. ಮಗು ಬಾಯಿ ಹಾಕಿದ್ದೇ ತಡ ಗರ್ಭಕೋಶ ಹಿಂಡಿತು, ಅವಳ ಮುಖ ಬಿಳಚಿಕೊಂಡಿತು. ಏರಿದ ನೋವನ್ನು ಇಳಿಸುವುದಕ್ಕಿಂತ ಏರದಂತೆ ಹಿಡಿಯುವುದು ಸುಲಭ. ಗಡಿಯಾರ ನೋಡಿ ಮಾತ್ರೆ ಕೊಡಿ ಎನ್ನುವುದು ಅದಕ್ಕೇ. ಹಾಗೆ ಕೊಟ್ಟಾಗ ಬಾಣಂತಿ ಬೇಗ ಎದ್ದು ಓಡಾಡುತ್ತಾಳೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ತಗ್ಗುತ್ತದೆ.

ಅವೊತ್ತು ಬೆಳಿಗ್ಗೆ ಬಂದವರೆಲ್ಲ ಕೇಳಿದ್ದು ಒಂದೇ: ‘ಹಾಲು ಬಂತಾ?’ ಹರ್ನಿಯಾ ಆಪರೇಷನ್ ಆದ ಗಂಡಸನ್ನು ‘ನೋವು ಹತ್ತಕ್ಕೆ ಎಷ್ಟು’ ಎಂದು ಕೇಳುತ್ತಾರೆ. ಗರ್ಭಕೋಶವನ್ನೇ ಕೊಯ್ದು ಹೊಲಿಸಿಕೊಂಡವಳನ್ನು ಅಷ್ಟೂ ಕೇಳುವುದಿಲ್ಲ. ಇದು ಇಂದಿನ ಚಾಳಿಯಲ್ಲ. 1847ರಲ್ಲಿ ಎಡಿನ್‌ಬರೋದ ವೈದ್ಯ ಜೇಮ್ಸ್ ಸಿಂಪ್ಸನ್ ಹೆರಿಗೆ ನೋವಿಗೆ ಕ್ಲೋರೋಫಾರಂ ಕೊಟ್ಟಾಗಲೂ ತಕರಾರು ಎದ್ದಿತ್ತು. 1853ರಲ್ಲಿ ವಿಕ್ಟೋರಿಯಾ ರಾಣಿ ತನ್ನ ಎಂಟನೇ ಹೆರಿಗೆಗೆ ಅದನ್ನು ತೆಗೆದುಕೊಂಡ ಮೇಲೆ ಆ ಪದ್ಧತಿಗೆ ಮರ್ಯಾದೆ ಬಂತು. ಹೆಂಗಸಿನ ನೋವು ನೋವೇ ಎನಿಸಿಕೊಳ್ಳಲು ರಾಣಿಯೇ ಹೆರಬೇಕಾಯಿತು!

ಸೊಸೆಗೆ ಮೂತ್ರಪಿಂಡದ ತೊಂದರೆ, ಹೊಟ್ಟೆಹುಣ್ಣು, ಇಂಥ ಮಾತ್ರೆಗೆ ಕೆರಳುವ ಅಸ್ತಮಾ ಇದ್ದರೆ ಅಥವಾ ಹೆರಿಗೆಯಲ್ಲಿ ರಕ್ತ ಹೆಚ್ಚು ಹೋದರೆ ಐಬುಪ್ರೊಫೇನ್ ಬಗ್ಗೆ ವೈದ್ಯರನ್ನು ಮೊದಲೇ ಕೇಳಿ. ಪ್ಯಾರಸಿಟಮಾಲ್ ದಿನಕ್ಕೆ 4 ಗ್ರಾಂ ಮೀರಬಾರದು. ನೆಗಡಿ ಮಾತ್ರೆಯಲ್ಲೂ ಅದು ಇರುತ್ತದೆ, ನೋಡಿಕೊಳ್ಳಿ. ಬರೆದುಕೊಟ್ಟ ಹೊತ್ತುಗಳನ್ನು ಒಂದು ಹಾಳೆಯ ಮೇಲೆ ಬರೆದು ಹಾಸಿಗೆಯ ಪಕ್ಕ ಅಂಟಿಸಿ. ನಡುರಾತ್ರಿಯ ಮಾತ್ರೆಗೆ ಅಲಾರಂ ಇಟ್ಟುಕೊಂಡು ನೀವೇ ಎದ್ದು ಕೊಡಿ. ಮಗಳಿಗೆ ತಪ್ಪಿಸಿದ್ದು ಸೊಸೆಗೆ ತಪ್ಪದಿರಲಿ.

— ಸಂ.