ಓದುಗರ ಪ್ರಶ್ನೆ: ಲ್ಯಾಬ್‌ನಲ್ಲಿ ಕೆಲಸ ಮಕ್ಕಳ ಕೈಗೆ ಬರೋದು ಹೇಗೆ?

ಪ್ರಶ್ನೆ: ನಮಸ್ಕಾರ ಸರ್. ಕಲಬುರಗಿಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಗೆಸ್ಟ್ ಲೆಕ್ಚರರ್ ಆಗಿದ್ದೇನೆ. ಪ್ರಾಜೆಕ್ಟ್ ಲ್ಯಾಬ್ ನನ್ನದು. ಸರ್ಕ್ಯೂಟ್ ಕೆಲಸ ಮಾಡದಿದ್ದರೆ ಹುಡುಗರು ‘ಸರ್, ಬರ್ತಿಲ್ಲ’ ಅಂತ ಕರೆಯುತ್ತಾರೆ, ನಾನು ಹೋಗಿ ಎರಡು ವೈರ್ ಬದಲಿಸುತ್ತೇನೆ, ಕೆಲಸ ಆಗುತ್ತದೆ. ಆದರೆ ವೈವಾದಲ್ಲಿ ಕೇಳಿದರೆ ಒಬ್ಬರ ಬಾಯಲ್ಲೂ ಮಾತಿಲ್ಲ. ಪ್ರತಿ ವರ್ಷ ಅದೇ ‘ಸ್ಮಾರ್ಟ್ ಇರಿಗೇಶನ್’, ಅಂದರೆ ಮಣ್ಣು ಒಣಗಿದರೆ ಸೆನ್ಸರ್ ತಾನೇ ಪಂಪ್ ಆನ್ ಮಾಡೋ ಪ್ರಾಜೆಕ್ಟ್. ಕೆಲವರಂತೂ ರೆಡಿಮೇಡ್ ಕಿಟ್ ಕೊಂಡು ತರುತ್ತಾರೆ. ಏನು ಮಾಡಲಿ?
– ಹೆಸರು ಬೇಡ, ಕಲಬುರಗಿ

ಉತ್ತರ: ಸರ್, ಮೊದಲು ಆ ಎರಡು ವೈರ್ ಬದಲಿಸೋದನ್ನು ನಿಲ್ಲಿಸಿ. ಕಷ್ಟ ಅಂತ ಗೊತ್ತು. ಒಂದು ಕಡೆ ಗಂಟೆ ಮುಗೀತಾ ಬಂತು, ಇನ್ನೊಂದು ಕಡೆ ಐದು ಬ್ಯಾಚ್ ಕೂಗ್ತಿವೆ, ನಿಮಗೆ ತಪ್ಪು ಎಲ್ಲಿದೆ ಅಂತ ದೂರದಿಂದಲೇ ಕಾಣುತ್ತದೆ. ಆದರೂ ಅವರ ಬೋರ್ಡ್ ಮುಟ್ಟಬೇಡಿ. ಬೇಕಾದರೆ ಕೈ ಹಿಂದೆ ಕಟ್ಟಿಕೊಂಡು ನಿಲ್ಲಿ.

ಒಂದು ಉದಾಹರಣೆ ಹೇಳುತ್ತೇನೆ, ನಿಮ್ಮ ಲ್ಯಾಬ್‌ನಲ್ಲೂ ಆಗಿರುತ್ತದೆ. ಆರ್ಡುಯಿನೋ (ಪ್ರೋಗ್ರಾಂ ಹಾಕೋ ಸಣ್ಣ ಬೋರ್ಡ್) ಇದೆ, ಅದರ ಮಾತು ಕೇಳಿ ಮೋಟಾರಿಗೆ ಕರೆಂಟ್ ಕೊಡೋ ಮೋಟಾರ್ ಡ್ರೈವರ್ ಇದೆ, ಮೋಟಾರಿಗೆ ಬೇರೆ ಬ್ಯಾಟರಿ. ಪ್ರೋಗ್ರಾಂ ಸರಿ ಇದೆ, ಮೋಟಾರ್ ತಿರುಗುತ್ತಿಲ್ಲ. ಹುಡುಗ ‘ಡ್ರೈವರ್ ಸುಟ್ಟಿದೆ ಸರ್’ ಅಂತಾನೆ. ಹೆಚ್ಚಿನ ಸಲ ಏನೂ ಸುಟ್ಟಿರುವುದಿಲ್ಲ, ಬ್ಯಾಟರಿಯ ಗ್ರೌಂಡನ್ನೂ (ನೆಗೆಟಿವ್ ತುದಿ) ಆರ್ಡುಯಿನೋ ಗ್ರೌಂಡನ್ನೂ ಜೋಡಿಸಿರುವುದಿಲ್ಲ, ಅಷ್ಟೇ. ಇದನ್ನು ಹೇಳಿಬಿಟ್ಟರೆ ಒಂದು ನಿಮಿಷದ ಕೆಲಸ. ಹೇಳಬೇಡಿ. ಅವನ ಕೈಗೆ ಮಲ್ಟಿಮೀಟರ್ ಕೊಟ್ಟು ಕೇಳಿ: ಆರ್ಡುಯಿನೋ ಪಿನ್‌ನಲ್ಲಿ ಎಷ್ಟು ವೋಲ್ಟ್ ಬರ್ತಿದೆ? ಅವನು ಕಪ್ಪು ಪ್ರೋಬನ್ನು ಆರ್ಡುಯಿನೋ ಗ್ರೌಂಡಿಗೆ ಇಟ್ಟು ‘5 ವೋಲ್ಟ್ ಇದೆ ಸರ್’ ಅಂತಾನೆ. ಈಗ ಕಪ್ಪು ಪ್ರೋಬನ್ನು ಡ್ರೈವರ್ ಗ್ರೌಂಡಿಗೆ ಇಟ್ಟು ಅದೇ ಪಿನ್ ಅಳೆಯೋಕೆ ಹೇಳಿ. ಆ 5 ವೋಲ್ಟ್ ಕಾಣೆಯಾಗುತ್ತದೆ, ಮೀಟರಿನಲ್ಲಿ ಏನೋ ಅರ್ಥವಿಲ್ಲದ ಅಂಕಿ ಓಡಾಡುತ್ತದೆ. ಆಗ ಅವನ ಮುಖ ನೋಡಿ. ವೋಲ್ಟೇಜ್ ಅಂದರೆ ಎರಡು ಜಾಗದ ನಡುವಿನ ವ್ಯತ್ಯಾಸ ಅಂತ ಪಿಯುಸಿಯಲ್ಲಿ ಬಾಯಿಪಾಠ ಮಾಡಿದ್ದು ಅವತ್ತು ತಲೆಗೆ ಇಳಿಯುತ್ತದೆ, ಮತ್ತೆ ಮರೆಯೋದಿಲ್ಲ.

ಇನ್ನೊಂದು ಅಭ್ಯಾಸ ಮಾಡಿಸಿ. ಅಳೆಯೋ ಮೊದಲು ಎಷ್ಟು ಬರುತ್ತದೆ ಅಂತ ಪುಸ್ತಕದಲ್ಲಿ ಬರೆಯಲಿ. 5 ವೋಲ್ಟ್ ಸಪ್ಲೈ, ಕೆಂಪು ಎಲ್‌ಇಡಿಗೆ ಸುಮಾರು 2 ವೋಲ್ಟ್ ಹೋಯಿತು, ಉಳಿದ 3 ವೋಲ್ಟ್ 220 ಓಮ್ ರೆಸಿಸ್ಟರ್ ಮೇಲೆ, ಅಂದರೆ ಹತ್ತಿರ ಹತ್ತಿರ 14 ಮಿಲಿಆಂಪ್. ಲೆಕ್ಕ ಸಣ್ಣದು. ಆದರೆ ಮೊದಲೇ ಬರೆದಿಟ್ಟವನಿಗೆ ಮೀಟರಿನಲ್ಲಿ 2 ಮಿಲಿಆಂಪ್ ಕಂಡರೆ ಎಲ್ಲೋ ಎಡವಟ್ಟಾಗಿದೆ ಅಂತ ತಾನಾಗಿಯೇ ಗೊತ್ತಾಗುತ್ತದೆ. ಬರೆಯದವನು ಬಂದ ಅಂಕಿಯನ್ನು ಸುಮ್ನೆ ರೆಕಾರ್ಡ್‌ಗೆ ಇಳಿಸಿ ಸೈನ್ ಹಾಕಿಸಿಕೊಂಡು ಹೋಗುತ್ತಾನೆ.

ಇನ್ನು ಸ್ಮಾರ್ಟ್ ಇರಿಗೇಶನ್. ನಿಮ್ಮ ಊರಿನ ಹುಡುಗರೇ ಇದನ್ನು ಮಾಡುತ್ತಾರಲ್ಲ, ಅದೇ ನನಗೆ ಬೇಜಾರು. ಕಲಬುರಗಿ ತೊಗರಿಯ ನಾಡು, ಆ ತೊಗರಿ ಬಹುಪಾಲು ಮಳೆಯನ್ನೇ ನಂಬಿದ ಬೆಳೆ. ಹೊಲದಲ್ಲಿ ಪಂಪೇ ಇಲ್ಲದಿದ್ದರೆ ಸೆನ್ಸರ್ ಯಾವ ಪಂಪನ್ನು ಆನ್ ಮಾಡಬೇಕು? ‘ಇದು ಯಾರ ಹೊಲಕ್ಕೆ? ಅಲ್ಲಿ ಬೋರ್‌ವೆಲ್ ಇದೆಯಾ? ಕರೆಂಟ್ ಎಷ್ಟು ಹೊತ್ತಿಗೆ ಬರುತ್ತದೆ?’ ಅಂತ ಮೊದಲ ವಾರವೇ ಕೇಳಿ. ಗೊತ್ತಿಲ್ಲ ಅಂದರೆ ಹೋಗಿ ಕೇಳಿಕೊಂಡು ಬರಲಿ. ಆಮೇಲೆ ಒಂದು ದಾಲ್ ಮಿಲ್‌ಗೆ ಕಳಿಸಿ. ತೊಗರಿಯನ್ನು ಬೇಳೆ ಮಾಡೋ ಮೊದಲು ಅಲ್ಲಿ ನೀರು, ಎಣ್ಣೆ ಹಚ್ಚಿ ಒಣಗಿಸುತ್ತಾರೆ. ಎಷ್ಟು ಒಣಗಿದೆ ಅಂತ ಅಲ್ಲಿಯವರು ಹೇಗೆ ತಿಳಿಯುತ್ತಾರೆ ಅಂತ ನಿಂತು ನೋಡಲಿ, ಕೇಳಲಿ. ಒಂದು ಹಿಡಿ ತೊಗರಿಯನ್ನು ತೂಕ ಮಾಡಿ, ಪೂರ್ತಿ ಒಣಗಿಸಿ, ಮತ್ತೆ ತೂಕ ಮಾಡಿದರೆ ತೇವಾಂಶ ಸಿಗುತ್ತದೆ. ಅದಕ್ಕೊಂದು ಲೋಡ್ ಸೆಲ್, ಅಂದರೆ ತೂಕ ಅಳೆಯೋ ಸೆನ್ಸರ್, ಸಾಕು. ನೋಡೋಕೆ ಸಣ್ಣ ಪ್ರಾಜೆಕ್ಟ್, ಆದರೆ ಬಳಸುವವರು ಕಣ್ಣೆದುರಿಗೇ ಇದ್ದಾರೆ.

ಕಿಟ್ ತಂದವರಿಗೆ ಬೈಯಬೇಡಿ. ವೈವಾ ದಿನ ಅವರನ್ನು ಹೊರಗೆ ನಿಲ್ಲಿಸಿ ಒಂದು ವೈರ್ ಕಿತ್ತಿಡಿ, ಹದಿನೈದು ನಿಮಿಷ ಕೊಡಿ. ಹೀಗೆ ಮಾಡುತ್ತೀರಿ ಅಂತ ಸೆಮಿಸ್ಟರ್ ಶುರುವಾದಾಗಲೇ ಹೇಳಿಬಿಡಿ. ಪ್ರಾಜೆಕ್ಟ್ ಓಡಿಸಿದ್ದಕ್ಕಿಂತ ತಪ್ಪು ಹುಡುಕಿದ ದಾರಿಗೆ ಜಾಸ್ತಿ ಮಾರ್ಕ್ಸ್ ಕೊಡಿ.

ಪ್ರಶ್ನೆ: ಅಣ್ಣಾ, ನಾನು ಯಾದಗಿರಿಯಲ್ಲಿ ಡಿಪ್ಲೊಮಾ ಎರಡನೇ ವರ್ಷ. ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಂ. ನಮ್ಮ ಬ್ಯಾಚ್‌ನಲ್ಲಿ ಹುಡುಗರು ಸೋಲ್ಡರಿಂಗ್ ಐರನ್ ಕೈ ಬಿಡೋದೇ ಇಲ್ಲ. ನಿನ್ನ ಅಕ್ಷರ ಚೆಂದ ಅಂತ ನನಗೆ ರಿಪೋರ್ಟ್ ಬರೆಯೋಕೆ ಕೂರಿಸುತ್ತಾರೆ. ಸರ್‌ಗೆ ಇಂಗ್ಲಿಷ್‌ನಲ್ಲಿ ಹೇಳೋಕೆ ಹೆದರಿಕೆ.
– ಒಬ್ಬ ವಿದ್ಯಾರ್ಥಿನಿ

ಉತ್ತರ: ತಂಗಿ, ಕನ್ನಡದಲ್ಲೇ ಹೇಳು. ಲ್ಯಾಬ್ ನಡೆಯುವಾಗ ಎಲ್ಲರ ಎದುರು ಬೇಡ, ಶುರುವಾಗೋ ಮೊದಲು ಹೋಗಿ ‘ಸರ್, ಈ ವಾರ ಸೋಲ್ಡರಿಂಗ್ ನಾನು ಮಾಡ್ತೀನಿ, ರಿಪೋರ್ಟ್ ಬೇರೆಯವರು ಬರೀಲಿ’ ಅಂತ ಒಂದೇ ಮಾತು ಸಾಕು. ಇದನ್ನು ಓದುತ್ತಿರುವ ಮೇಷ್ಟ್ರುಗಳಿಗೂ ಒಂದು ಮಾತು. ಈ ಹುಡುಗಿ ಬಂದು ಕೇಳೋ ತನಕ ಕಾಯಬೇಡಿ. ವಾರಕ್ಕೊಮ್ಮೆ ಕೆಲಸ ಬದಲಾಗಬೇಕು ಅಂತ ನೀವೇ ಪಟ್ಟಿ ಹಾಕಿ ಗೋಡೆಗೆ ಅಂಟಿಸಿ. ಐರನ್ ಹಿಡಿಯದೆ ಡಿಪ್ಲೊಮಾ ಮುಗಿಸೋದು ಆ ಮಗುವಿಗೆ ಆಗುವ ಅನ್ಯಾಯ.

ಅಲ್ಲಿಯವರೆಗೆ ಕೈ ಪಳಗಿಸಿಕೋ. ರಿಪೇರಿ ಅಂಗಡಿಯಲ್ಲಿ ಹಾಳಾದ ರೇಡಿಯೋ ಬೋರ್ಡ್ ಕೇಳಿದರೆ ಕೊಡುತ್ತಾರೆ. 25 ವ್ಯಾಟ್ ಐರನ್ ಸಾಕು. ತುದಿಯನ್ನು ಬೋರ್ಡಿನ ಪ್ಯಾಡ್‌ಗೂ (ತಾಮ್ರದ ಚುಕ್ಕೆ) ಬಿಡಿಭಾಗದ ಕಾಲಿಗೂ ಒಟ್ಟಿಗೆ ತಾಗಿಸಿ ಎರಡು ಮೂರು ಸೆಕೆಂಡ್ ಬಿಸಿ ಮಾಡು, ಆಮೇಲೆ ಸೋಲ್ಡರನ್ನು ಬಿಸಿಯಾದ ಜಾಗಕ್ಕೆ ತಾಗಿಸು. ಐರನ್ ತುದಿಯಲ್ಲಿ ಕರಗಿಸಿ ತಂದು ಮೆತ್ತಬೇಡ. ನಯವಾಗಿ ಸುತ್ತಲೂ ಹರಿದು ಕೂತರೆ ಸರಿ, ಮಂಕಾಗಿ ಉಂಡೆ ಕಟ್ಟಿದರೆ ಹಿಡಿದಿಲ್ಲ ಅಂತ ಅರ್ಥ. ಕಿಟಕಿ ತೆಗೆದಿರಲಿ. ಸೋಲ್ಡರ್‌ನಲ್ಲಿ ಸಾಮಾನ್ಯವಾಗಿ ಸೀಸ ಇರುತ್ತದೆ, ಕೆಲಸ ಮುಗಿದ ಮೇಲೆ ಕೈ ತೊಳೆಯದೆ ಊಟಕ್ಕೆ ಕೂರಬೇಡ.

ಪ್ರಶ್ನೆ: ಬೀದರಿನಲ್ಲಿ ಡಿಸೈನ್ ಪಾಠ ಮಾಡುತ್ತೇನೆ. ಮಕ್ಕಳನ್ನು ಬಿದರಿ ಕಲೆಗಾರರ ಹತ್ತಿರ ಕರೆದುಕೊಂಡು ಹೋಗಬೇಕು ಅಂತಿದ್ದೇನೆ. ಹೋಗಿ ಫೋಟೋ ತೆಗೆದುಕೊಂಡು ಬಂದಂತೆ ಆಗಬಾರದು, ಹೇಗೆ?
– ಉಪನ್ಯಾಸಕಿ, ಬೀದರ್

ಉತ್ತರ: ಮೇಡಂ, ಇಡೀ ಕೆಲಸ ತೋರಿಸಲು ಹೋಗಬೇಡಿ, ಒಂದೇ ಹಂತ ಆರಿಸಿಕೊಳ್ಳಿ. ಎರಕ ಹೊಯ್ದ ಸತು–ತಾಮ್ರದ ಪಾತ್ರೆಯನ್ನು ಉಜ್ಜಿ ನಯ ಮಾಡಿದ ಮೇಲೆ ಅದಕ್ಕೆ ಮೈಲುತುತ್ತದ (ಕಾಪರ್ ಸಲ್ಫೇಟ್) ನೀರು ಹಚ್ಚಿ ಕಪ್ಪಾಗಿಸುತ್ತಾರಲ್ಲ, ಅಲ್ಲಿ ನಿಲ್ಲಿಸಿ. ಈ ಕಪ್ಪು ತಾತ್ಕಾಲಿಕ. ಕೊರೆದ ಗೆರೆ ಕಣ್ಣಿಗೆ ಕಾಣಲಿ ಅಂತ ಮಾಡಿದ್ದು. ಐಟಿಐ ಫಿಟ್ಟರ್ ಕೂಡ ಉಕ್ಕಿನ ಮೇಲೆ ಗುರುತು ಹಾಕೋ ಮೊದಲು ಅದೇ ಮೈಲುತುತ್ತ ಹಚ್ಚುತ್ತಾನೆ ಅಂತ ಮಕ್ಕಳಿಗೆ ಅಲ್ಲೇ ಹೇಳಿ, ವರ್ಕ್‌ಶಾಪ್‌ಗೆ ಬಂದು ಎರಡನ್ನೂ ಮಾಡಿಸಿ. ಕೊನೆಗೆ ಬರುವ ಗಾಢ ಕಪ್ಪು ಬೇರೆ, ಅದು ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರದ್ದು (ಅಮೋನಿಯಂ ಕ್ಲೋರೈಡ್). ಅದು ಪಾತ್ರೆಯ ಲೋಹವನ್ನು ಕಪ್ಪಾಗಿಸಿ, ಕೊರೆದ ಗೆರೆಗಳಲ್ಲಿ ಕೂರಿಸಿದ ಬೆಳ್ಳಿಯನ್ನು ಮಾತ್ರ ಬಿಟ್ಟುಬಿಡುತ್ತದೆ. ಇದನ್ನು ಎರಡನೇ ಭೇಟಿಗೆ ಇಟ್ಟುಕೊಳ್ಳಿ.

ಉಳಿ ಹಿಡಿದು ಒಂದು ಗೆರೆಯಾದರೂ ಪ್ರತಿಯೊಬ್ಬರೂ ಕೊರೆಯಲಿ, ಹಾಳಾದರೂ ಪರವಾಗಿಲ್ಲ ಅನ್ನುವಂಥ ತುಂಡುಗಳನ್ನು ಮೊದಲೇ ಕೇಳಿ ಇಡಿಸಿ. ಅಷ್ಟು ಮಕ್ಕಳು ಬಂದು ಕೂತರೆ ಕಲೆಗಾರರ ಒಂದು ದಿನದ ದುಡಿಮೆ ಹೋಗುತ್ತದೆ, ಹಾಗಾಗಿ ಅವರ ಸಂಭಾವನೆಯನ್ನು ಪ್ರಿನ್ಸಿಪಾಲರಿಂದ ಮಂಜೂರು ಮಾಡಿಸಿಕೊಂಡೇ ದಿನ ಗೊತ್ತು ಮಾಡಿ.