ಎಷ್ಟು ಕಾರು ಎಂಬ ಒಂದೇ ಪ್ರಶ್ನೆ

ಪತ್ರ: "ನಮ್ಮ ಬಡಾವಣೆಯ ಮೂಲೆ ನಿವೇಶನದಲ್ಲಿ ವಾಣಿಜ್ಯ ಕಾಂಪ್ಲೆಕ್ಸ್ ಬರುತ್ತಿದೆ. ಕೆಳಗೆ ಅಂಗಡಿ, ಮೇಲೆ ಕಚೇರಿ, ಮೇಲ್ಮಹಡಿಯಲ್ಲಿ ಹೋಟೆಲ್. ನಗರಸಭೆಯವರು ನಕ್ಷೆ ಪರಿಶೀಲನೆಯ ಸಭೆಗೆ ಜನರನ್ನೂ ಕರೆದಿದ್ದರು, ಹೋಗಿದ್ದೆ. ಎಲ್ಲ ಸೇರಿ ಒಟ್ಟು ವಿಸ್ತೀರ್ಣ 3000 ಚದರ ಮೀಟರ್. 25 ಚದರ ಮೀಟರಿಗೆ ಒಂದು ಕಾರಿನಂತೆ 120 ಕಾರಿಗೆ ಜಾಗ ಬಿಡಬೇಕು ಅನ್ನುತ್ತದೆ ನಿಯಮ. ನಕ್ಷೆಯಲ್ಲಿ ಇರೋದು 60. ಉಳಿದ ಅರ್ಧಕ್ಕೆ ಬಿಲ್ಡರ್ ವಿನಾಯಿತಿ ಕೇಳಿದ್ದಾರೆ. ಕೊಟ್ಟರೆ ಆ 60 ಕಾರು ನಮ್ಮ ಗೇಟಿನ ಮುಂದೆ ಬಂದು ನಿಲ್ಲುತ್ತವೆ. ಪತ್ರಿಕೆ ಈ ವಿನಾಯಿತಿಯ ವಿರುದ್ಧ ಬರೆಯಬೇಕು." — ನಿವೃತ್ತ ಗಣಿತ ಶಿಕ್ಷಕರೊಬ್ಬರು

ಉತ್ತರ: ಮೇಷ್ಟ್ರೇ, ಮೊದಲು ನಿಮಗೊಂದು ನಮಸ್ಕಾರ. ಇಂಥ ಸಭೆಗಳಿಗೆ ಹೋಗುವವರೇ ಕಡಿಮೆ. ಹೋದವರಲ್ಲಿ ನಕ್ಷೆಯ ಹಾಳೆ ಬಿಡಿಸಿ, ಪೆನ್ಸಿಲ್ ಹಿಡಿದು ಲೆಕ್ಕ ಹಾಕುವವರು ಇನ್ನೂ ಕಡಿಮೆ. ನಿಮ್ಮ ಲೆಕ್ಕದಲ್ಲಿ ತಪ್ಪಿಲ್ಲ. ನಿಮ್ಮ ಆತಂಕದಲ್ಲೂ ತಪ್ಪಿಲ್ಲ. ಗೇಟಿನ ಮುಂದೆ ಯಾರೋ ಕಾರು ಬಿಟ್ಟು ಹೋಗಿ, ಮನೆಯ ಹಿರಿಯರನ್ನು ಆಸ್ಪತ್ರೆಗೆ ಕರೆದೊಯ್ಯಲಾಗದೆ ಪರದಾಡಿದವರ ಪತ್ರಗಳು ನಮಗೆ ಬರುತ್ತಲೇ ಇರುತ್ತವೆ. ಅದು ನಿಜವಾದ ಕಷ್ಟ.

ಆದರೆ ನೀವು ಕೇಳಿದ ಹಾಗೆ ಬರೆಯಲು ನನ್ನಿಂದ ಆಗುವುದಿಲ್ಲ. ನಿಮ್ಮ ಲೆಕ್ಕವನ್ನೇ ಇನ್ನೊಂದು ಹೆಜ್ಜೆ ಮುಂದೆ ಒಯ್ಯೋಣ, ಬನ್ನಿ.

ಒಂದು ಕಾರು ನಿಲ್ಲಲು ಹೆಚ್ಚುಕಡಿಮೆ ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದ ಬೇಕು. ಅಂದರೆ ಹನ್ನೆರಡೂವರೆ ಚದರ ಮೀಟರ್. ಕಾರು ಅಲ್ಲಿಗೆ ಹಾರಿ ಬರುವುದಿಲ್ಲ, ಅಲ್ವಾ? ಒಳಗೆ ಬರುವ ದಾರಿ, ತಿರುಗಿಸುವ ಜಾಗ, ರ‍್ಯಾಂಪ್, ಪಿಲ್ಲರ್ ಎಲ್ಲ ಸೇರಿದರೆ ಕಾರೊಂದಕ್ಕೆ 25ರಿಂದ 30 ಚದರ ಮೀಟರ್ ಆಗುತ್ತದೆ. ಕಡಿಮೆಯದನ್ನೇ ಹಿಡಿಯಿರಿ. 120 ಕಾರಿಗೆ 3000 ಚದರ ಮೀಟರ್. ಅಂಗಡಿ, ಕಚೇರಿ, ಹೋಟೆಲಿಗೆಲ್ಲ ಸೇರಿ ಎಷ್ಟು ಜಾಗವೋ, ನಿಂತ ಕಾರುಗಳಿಗೂ ಅಷ್ಟೇ ಜಾಗ! ಮೂಲೆ ನಿವೇಶನದಲ್ಲಿ ಅಷ್ಟು ನೆಲ ಇರುವುದಿಲ್ಲ. ಹಾಗಾಗಿ ಭೂಮಿಯೊಳಗೆ ಇಳಿಯಬೇಕು. ಮೊದಲ ಬೇಸ್‌ಮೆಂಟಿಗಿಂತ ಎರಡನೆಯದು ದುಬಾರಿ. ಆಳಕ್ಕೆ ಹೋದಷ್ಟೂ ಮಣ್ಣು ತಡೆಯುವ ಗೋಡೆ ದಪ್ಪವಾಗಬೇಕು, ನೀರು ಜಿನುಗದಂತೆ ನೋಡಿಕೊಳ್ಳಬೇಕು, ಗಾಳಿಯಾಡಲು ಯಂತ್ರ ಬೇಕು, ಮಳೆಗಾಲಕ್ಕೆ ಪಂಪ್ ಬೇಕು. ಆ ಖರ್ಚು ಬಿಲ್ಡರ್ ಜೇಬಿನಿಂದ ಹೋಗುವುದಿಲ್ಲ. ಅಂಗಡಿ ಬಾಡಿಗೆಗೆ ಸೇರುತ್ತದೆ, ಅಲ್ಲಿಂದ ಸಾಮಾನಿನ ಬೆಲೆಗೆ ಸೇರುತ್ತದೆ. ಕಾರಿನಲ್ಲಿ ಬಂದವರೂ ಕೊಡುತ್ತಾರೆ, ನಡೆದು ಬಂದವರೂ ಕೊಡುತ್ತಾರೆ, ಬಸ್ಸಿಳಿದು ಬಂದ ಅಜ್ಜಿಯೂ ಕೊಡುತ್ತಾಳೆ. ನಡೆದು ಬಂದವಳಿಂದ ಕಾರು ನಿಲ್ಲಿಸುವ ಜಾಗಕ್ಕೆ ದುಡ್ಡು ತೆಗೆದುಕೊಳ್ಳುವ ನಿಯಮದ ಪರವಾಗಿ ನಾನು ಬರೆಯಲಾರೆ.

ಇನ್ನೊಂದು ವಿಷಯ. ಆ ಕಾಂಪ್ಲೆಕ್ಸಿನಲ್ಲಿ ಕೆಳಗೆ ಅಂಗಡಿ, ಮೇಲೆ ಕಚೇರಿ, ಮೇಲ್ಮಹಡಿಯಲ್ಲಿ ಹೋಟೆಲ್ ಇದೆ ಎಂದು ಬರೆದಿದ್ದೀರಿ. ಕಚೇರಿಯವರು ಸಂಜೆ ಹೊರಟ ಮೇಲೆ ಹೋಟೆಲಿಗೆ ಜನ ಬರುತ್ತಾರೆ. ಒಬ್ಬರು ಬಿಟ್ಟ ಜಾಗದಲ್ಲಿ ಇನ್ನೊಬ್ಬರು ನಿಲ್ಲಿಸಬಹುದು. ನಿಯಮಕ್ಕೆ ಗಡಿಯಾರ ಗೊತ್ತಿಲ್ಲ. ಪ್ರತಿಯೊಂದರ ಗಿಜಿಗುಡುವ ಹೊತ್ತನ್ನು ಬೇರೆ ಬೇರೆ ಲೆಕ್ಕ ಹಾಕಿ ಕೂಡಿಸಿಬಿಡುತ್ತದೆ. ಒಂದೇ ಬೆಂಚಿನಲ್ಲಿ ಬೆಳಗಿನ ಪಾಳಿಯ ಮಕ್ಕಳೂ ಮಧ್ಯಾಹ್ನದ ಪಾಳಿಯ ಮಕ್ಕಳೂ ಕೂತು ಕಲಿತ ಶಾಲೆಯಲ್ಲಿ ನೀವು ಪಾಠ ಮಾಡಿದ್ದರೆ ನಾನು ಹೇಳುವುದು ಬೇಗ ಅರ್ಥವಾಗುತ್ತದೆ.

ಕಾರು ನಿಲ್ಲಿಸುವ ಜಗಳ ಹೊಸದೇನಲ್ಲ. ಅಮೆರಿಕದ ಒಕ್ಲಹಾಮ ಸಿಟಿಯಲ್ಲಿ 1935ರ ಜುಲೈನಲ್ಲಿ ಪಾರ್ಕಿಂಗ್ ಮೀಟರ್, ಅಂದರೆ ಕಾಸು ಹಾಕಿದಷ್ಟು ಹೊತ್ತು ಕಾರು ನಿಲ್ಲಿಸಲು ಬಿಡುವ ಯಂತ್ರ, ಮೊದಲ ಬಾರಿಗೆ ಬಂತು. ಗಂಟೆಗೆ 5 ಸೆಂಟ್. ಯಾಕೆ ಬಂತು ಗೊತ್ತೇ? ಪೇಟೆಯಲ್ಲಿ ಕೆಲಸ ಮಾಡುವವರೇ ಬೆಳಗ್ಗೆ ಬಂದು ಅಂಗಡಿಗಳ ಮುಂದೆ ಕಾರು ನಿಲ್ಲಿಸಿದರೆ ಸಂಜೆಯವರೆಗೂ ತೆಗೆಯುತ್ತಿರಲಿಲ್ಲ. ಗಿರಾಕಿಗೆ ಜಾಗವೇ ಸಿಗುತ್ತಿರಲಿಲ್ಲ. ಜಾಗದ ಕೊರತೆಗಿಂತ, ಒಂದೇ ಕಾರು ದಿನವಿಡೀ ಕದಲದೆ ನಿಲ್ಲುವುದೇ ತೊಂದರೆ ಎಂದು ಅವರು ಆಗಲೇ ಗುರುತಿಸಿದ್ದರು. ಆಮೇಲೆ ಅದೇ ದೇಶದ ಊರೂರುಗಳು ಬೇರೆ ದಾರಿ ಹಿಡಿದವು. ಕಟ್ಟುವವರೇ ಇಷ್ಟು ಚದರಕ್ಕೆ ಇಷ್ಟು ಕಾರಿನ ಜಾಗ ಬಿಡಬೇಕು ಎಂಬ ಪಟ್ಟಿ ಮಾಡಿದವು. ಒಂದೂರಿನ ಪಟ್ಟಿಯನ್ನು ಪಕ್ಕದ ಊರು ನಕಲು ಮಾಡಿತು. ಎಷ್ಟೋ ಊರುಗಳಲ್ಲಿ ಪೇಟೆಯ ನಡುವೆಯೇ ಹಳೆಯ ಕಟ್ಟಡಗಳು ಉರುಳಿ ಡಾಂಬರು ಮೈದಾನಗಳಾದವು.

ಈಗ ಹಿಂದಿರುಗುತ್ತಿದ್ದಾರೆ. ಅಮೆರಿಕದ ಬಫಲೋ ನಗರ 2017ರಲ್ಲಿ ಊರಿಡೀ ಈ ಕನಿಷ್ಠ ಲೆಕ್ಕವನ್ನು ಕೈಬಿಟ್ಟಿತು. ಅದೇ ವರ್ಷ ಮೆಕ್ಸಿಕೊ ಸಿಟಿ ಕನಿಷ್ಠವನ್ನು ತೆಗೆದು ಗರಿಷ್ಠ ಮಿತಿ ಹಾಕಿತು. ಕೆನಡಾದ ಎಡ್ಮಂಟನ್ 2020ರಲ್ಲಿ, ಅಮೆರಿಕದ ಮಿನಿಯಾಪೊಲಿಸ್ 2021ರಲ್ಲಿ ಕನಿಷ್ಠವನ್ನು ಕೈಬಿಟ್ಟವು. ಪಾರ್ಕಿಂಗ್ ಕಟ್ಟಲೇಬಾರದು ಎಂದು ಇವರು ಹೇಳಲಿಲ್ಲ. ಕನಿಷ್ಠ ಎಷ್ಟು ಬೇಕೆಂಬುದನ್ನು ಕಟ್ಟುವವರೇ ನೋಡಿಕೊಳ್ಳಲಿ ಎಂದರು, ಅಷ್ಟೆ. ಬಫಲೋದಲ್ಲಿ ಆಮೇಲೆ ಬಂದ ದೊಡ್ಡ ಯೋಜನೆಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹಳೆಯ ಲೆಕ್ಕಕ್ಕಿಂತ ಕಡಿಮೆ ಜಾಗ ಬಿಟ್ಟವು. ಮಿಕ್ಕವರು ಯಾರೂ ಹೇಳದೆಯೇ ಮೊದಲಿನಷ್ಟು ಅಥವಾ ಅದಕ್ಕಿಂತ ಜಾಸ್ತಿಯೇ ಬಿಟ್ಟರು. ಅಗತ್ಯ ಇದ್ದವರು ಕಟ್ಟಿಕೊಂಡರು.

ಹಾಗಾದರೆ ನಮ್ಮ ಗೇಟಿನ ಗತಿ ಏನು ಎಂದು ನೀವು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಉತ್ತರ ಇರುವುದು ಬೀದಿಯಲ್ಲಿ. ಬೇಸ್‌ಮೆಂಟ್ ಎಷ್ಟೇ ದೊಡ್ಡದಿರಲಿ, ಹೊರಗೆ ಬಿಟ್ಟಿಯಾಗಿ ನಿಲ್ಲಿಸಬಹುದಾದರೆ ಜನ ಹೊರಗೇ ನಿಲ್ಲಿಸುತ್ತಾರೆ. ಎರಡು ನಿಮಿಷದ ಕೆಲಸಕ್ಕೆ ರ‍್ಯಾಂಪ್ ಇಳಿದು ಹತ್ತುವವರು ಯಾರು? 120 ಜಾಗ ಕಟ್ಟಿಸಿದರೂ ನಿಮ್ಮ ಗೇಟಿನ ಮುಂದೆ ಕಾರು ತಪ್ಪುವುದಿಲ್ಲ ಮೇಷ್ಟ್ರೇ. ಬೀದಿಯಲ್ಲಿ ನಿವಾಸಿಗಳಿಗೆ ಪರವಾನಗಿ, ಹೊರಗಿನವರಿಗೆ ಶುಲ್ಕ, ಗೇಟಿಗೆ ಅಡ್ಡ ನಿಂತರೆ ಅಂದೇ ದಂಡ. ಇವು ಜಾರಿಯಾದರೆ 60 ಜಾಗ ಸಾಕಾಗುತ್ತದೆ, ಆಗದಿದ್ದರೆ 200 ಕಟ್ಟಿದರೂ ಸಾಲದು. ಜಪಾನಿನಲ್ಲಿ 1962ರಿಂದಲೇ ಒಂದು ಕಾನೂನಿದೆ. ಕಾರು ನಿಲ್ಲಿಸಲು ರಸ್ತೆಯ ಹೊರಗೆ ತನಗೆ ಜಾಗ ಇದೆ ಎಂದು ಮಾಲೀಕ ತೋರಿಸಿದರೇ ಕಾರಿನ ನೋಂದಣಿ. ಹೊಣೆಯನ್ನು ಕಾರಿನ ಒಡೆಯನ ಮೇಲೆ ಹಾಕಿದ್ದಾರೆ, ಊರಿನ ಮೇಲಲ್ಲ. ಆ ಒಂದು ಕಾನೂನಿನ ಬಗ್ಗೆ ನನಗೆ ತುಂಬಾ ಗೌರವ.

ಶುಲ್ಕ ಅಂದರೆ ಅಂಗಡಿಯವರು ಗಾಬರಿಯಾಗುತ್ತಾರೆ. ಕ್ಯಾಲಿಫೋರ್ನಿಯಾದ ಹಳೆ ಪಸಡೀನ ಪೇಟೆಯಲ್ಲೂ ಹಾಗೇ ಆಯಿತು. 1993ರಲ್ಲಿ ಮೀಟರ್ ಹಾಕುವ ಮಾತು ಬಂದಾಗ ಗಿರಾಕಿಗಳು ಓಡಿಹೋಗುತ್ತಾರೆ ಎಂದು ವ್ಯಾಪಾರಿಗಳು ವಿರೋಧಿಸಿದರು. ಬಂದ ಹಣವನ್ನೆಲ್ಲ ಅದೇ ಪೇಟೆಯ ಫುಟ್‌ಪಾತ್, ದೀಪ, ಮರಗಳಿಗೆ ಹಾಕುತ್ತೇವೆ ಎಂದು ನಗರಾಡಳಿತ ಮಾತು ಕೊಟ್ಟಿತು, ಹಾಗೇ ನಡೆದುಕೊಂಡಿತು. ಪೇಟೆ ಚೇತರಿಸಿಕೊಂಡಿತು. ಹಣ ಎಲ್ಲಿಗೆ ಹೋಯಿತೆಂದು ಕಣ್ಣಿಗೆ ಕಂಡರೆ ಜನ ಕೊಡಲು ಒಪ್ಪುತ್ತಾರೆ.

ಈಗ ನಿಮ್ಮನ್ನು ಸ್ವಲ್ಪ ಗದರಬೇಕು. ನೀವು ನೋಡಿದ್ದು ನಕ್ಷೆಯ ಒಂದೇ ಹಾಳೆ. ಬೇಸ್‌ಮೆಂಟ್ ಹಾಳೆ. ನೆಲಮಹಡಿಯ ಹಾಳೆಯ ಬಗ್ಗೆ ಪತ್ರದಲ್ಲಿ ಒಂದು ಮಾತೂ ಇಲ್ಲ. ಊರಿಗೂ ಕಟ್ಟಡಕ್ಕೂ ಸಂಬಂಧ ಬೀಳುವುದು ಆ ಹಾಳೆಯಲ್ಲೇ. ಕಾರು ಒಳಗೆ ಹೋಗುವ ಬಾಯಿ ಯಾವ ರಸ್ತೆಗಿದೆ? ರ‍್ಯಾಂಪಿನ ಏರು ನಿವೇಶನದ ಒಳಗೇ ಮುಗಿಯುತ್ತದೋ, ಫುಟ್‌ಪಾತಿನ ಮೇಲೆ ಬಂದು ಮುಗಿಯುತ್ತದೋ? ಸಾಮಾನು ತರುವ ಗಾಡಿ ಎಲ್ಲಿ ನಿಂತು ಇಳಿಸುತ್ತದೆ? ಅಂಗಡಿ ಸಾಲಿನ ಮುಂದೆ ದಟ್ಟಣೆ ಮಾಡುವುದರಲ್ಲಿ ಗಿರಾಕಿಗಳ ಕಾರಿನಷ್ಟೇ ಪಾಲು ಈ ಗಾಡಿಗಳದ್ದೂ ಇದೆ. ಅದರ ಲೆಕ್ಕ ಕೇಳುವವರು ಮಾತ್ರ ಇಲ್ಲ.

ಬೇರೊಂದು ಊರಿನಲ್ಲಿ ಇಂಥದ್ದೇ ಸಭೆಯಲ್ಲಿ ನಾನೂ ಕೂತಿದ್ದೆ. ಪಿಲ್ಲರುಗಳ ಪಕ್ಕದ ಚೌಕಗಳನ್ನು ಲೆಕ್ಕಕ್ಕೆ ಸೇರಿಸಬೇಕೋ ಬೇಡವೋ ಎಂಬ ವಾದದಲ್ಲೇ ಹೊತ್ತು ಕಳೆಯಿತು. ಅವು ಕಾಗದದ ಮೇಲೆ ಕಾರಿನ ಜಾಗಗಳೇ. ಕಾರು ನಿಲ್ಲಿಸಿದರೆ ಬಾಗಿಲು ತೆಗೆಯಲು ಆಗುವುದಿಲ್ಲ, ಅಷ್ಟು ಇಕ್ಕಟ್ಟು. ಕೊನೆಗೆ ಸೇರಿಸಿದರು, ಸಂಖ್ಯೆ ಕೂಡಿಬಂತು, ಮುದ್ರೆ ಬಿತ್ತು. ಫುಟ್‌ಪಾತಿನ ಬಗ್ಗೆ ಕೇಳಲು ಎದ್ದು ನಿಂತ ಹೆಣ್ಣುಮಗಳಿಗೆ ಸಮಯ ಮುಗಿಯಿತು ಎಂದರು. ಕಟ್ಟಡ ಎದ್ದ ಮೇಲೆ ಹೋಗಿ ನೋಡಿದೆ. ರ‍್ಯಾಂಪಿನ ಬಾಯಿಗೆ ಸಿಕ್ಕು ಫುಟ್‌ಪಾತ್ ತುಂಡಾಗಿತ್ತು. ಅಲ್ಲೊಬ್ಬ ಸೆಕ್ಯುರಿಟಿಯವನು ಸೀಟಿ ಹಿಡಿದು ನಿಂತಿದ್ದ. ಒಳಗಿಂದ ಕಾರು ಬಂದಾಗಲೆಲ್ಲ ಸೀಟಿ ಊದಿ, ಕೈ ಅಡ್ಡ ಹಿಡಿದು, ನಡೆದು ಹೋಗುವವರನ್ನು ನಿಲ್ಲಿಸುತ್ತಿದ್ದ. ಕೈಯಲ್ಲಿ ಚೀಲ ಹಿಡಿದವರು, ಮಗುವನ್ನು ಎತ್ತಿಕೊಂಡವರು, ಎಲ್ಲರೂ ತಮ್ಮದೇ ಫುಟ್‌ಪಾತಿನಲ್ಲಿ ಸಾಲಾಗಿ ಕಾಯುತ್ತಿದ್ದರು. ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಇಂಥ ಸಭೆಗಳನ್ನು ನಡೆಸುವ ರೀತಿಯ ಬಗ್ಗೆಯೂ ನನಗೆ ಬೇಸರವಿದೆ. ಪ್ರಕಟಣೆ ಮೂಲೆಯಲ್ಲೆಲ್ಲೋ ಸಣ್ಣ ಅಕ್ಷರದಲ್ಲಿ ಬರುತ್ತದೆ. ನಿವೇಶನದ ಸಂಖ್ಯೆ ಇರುತ್ತದೆ, ಅಲ್ಲಿ ಏನು ಬರುತ್ತಿದೆ ಎಂದು ಇರುವುದಿಲ್ಲ. ಸಭೆಯನ್ನು ಜನ ಕೆಲಸಕ್ಕೆ ಹೋಗಿರುವ ಹೊತ್ತಿಗೆ ಇಡುತ್ತಾರೆ. ನಕ್ಷೆಯನ್ನು ಕಚೇರಿಯಲ್ಲೇ ನಿಂತು ನೋಡಬೇಕು, ಪ್ರತಿ ಕೇಳಿದರೆ ಮುಖ ನೋಡುತ್ತಾರೆ. ಆಕ್ಷೇಪಣೆ ಕೊಟ್ಟರೆ ಅದು ಏನಾಯಿತೆಂದು ತಿಳಿಸುವವರಿಲ್ಲ. ಎಲ್ಲಕ್ಕಿಂತ ದೊಡ್ಡ ಕೊರತೆ ಅಂದರೆ ಮಂಜೂರಾತಿ ಕೊಟ್ಟ ಮೇಲೆ ತಿರುಗಿ ನೋಡುವ ಪದ್ಧತಿಯೇ ಸರಿಯಾಗಿಲ್ಲ. ನಕ್ಷೆಯಲ್ಲಿ ಪಾರ್ಕಿಂಗ್ ಎಂದು ಬರೆದ ಜಾಗ ಒಂದೆರಡು ವರ್ಷದಲ್ಲಿ ಗೋದಾಮಾಗುತ್ತದೆ, ಜೆರಾಕ್ಸ್ ಅಂಗಡಿಯಾಗುತ್ತದೆ. 120 ಬೇಕೆಂದು ಹೋರಾಡಿ ಗೆದ್ದವರಿಗೆ ಕೊನೆಗೆ ದಕ್ಕುವುದು 40.

ಬಿಲ್ಡರ್ ಕೇಳಿದ್ದನ್ನು ಸುಮ್ನೆ ಕೊಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ. ವಿನಾಯಿತಿಯಿಂದ ಅವರಿಗೆ ಒಂದು ಬೇಸ್‌ಮೆಂಟಿನ ಖರ್ಚೇ ಉಳಿಯುತ್ತದೆ. ಅದರಲ್ಲಿ ಊರಿಗೂ ಪಾಲು ಬರಲಿ. ಅಂಗಡಿಗಳ ಮುಂದೆ ಅಗಲವಾದ, ಒಂದೇ ಮಟ್ಟದ ಫುಟ್‌ಪಾತ್ ಮಾಡಿಕೊಡಲಿ. ಸೈಕಲ್, ಬೈಕಿಗೆ ನೆರಳಿನ ಜಾಗ ಬಿಡಲಿ. ಸಾಮಾನಿನ ಗಾಡಿ ನಿವೇಶನದ ಒಳಗೇ ನಿಂತು ಇಳಿಸಲಿ, ಅದೂ ಅಂಗಡಿ ತೆರೆಯುವ ಮೊದಲು. ಕಾರಿನ ದಾರಿ ನಿಮ್ಮ ಮನೆಗಳ ಬೀದಿಗೆ ಬೇಡ, ದೊಡ್ಡ ರಸ್ತೆಗಿರಲಿ. ಇವೆಲ್ಲ ಬಾಯಿಮಾತಿನಲ್ಲಿ ಉಳಿಯಬಾರದು, ಮಂಜೂರಾತಿ ಪತ್ರದಲ್ಲೇ ಷರತ್ತಾಗಿ ಬರೆಯಿಸಬೇಕು. ಆ 60 ಜಾಗ 60 ಆಗಿಯೇ ಉಳಿದಿದೆಯೇ ಎಂದು ವರ್ಷಕ್ಕೊಮ್ಮೆ ನೋಡಿ, ವರದಿಯನ್ನು ಕಟ್ಟಡದ ಬಾಗಿಲಲ್ಲೇ ಅಂಟಿಸಬೇಕು.

ಮುಂದಿನ ಸಭೆಗೆ ನಿಮ್ಮ ಬೀದಿಯವರನ್ನೂ ಕರೆದುಕೊಂಡು ಹೋಗಿ. ನೆಲಮಹಡಿಯ ಹಾಳೆಯ ಪ್ರತಿಯನ್ನು ಲಿಖಿತವಾಗಿ ಕೇಳಿ. ಕೊಟ್ಟರೆ ನಮಗೂ ಒಂದು ಕಳಿಸಿ, ರ‍್ಯಾಂಪಿನ ಬಾಯಿ ಎಲ್ಲಿದೆ ಎಂದು ನಾನೂ ನೋಡುತ್ತೇನೆ. ಕೊಡದಿದ್ದರೆ ಕೊಡಲಿಲ್ಲ ಎಂದು ತಾರೀಖು ಹಾಕಿ ಎರಡು ಸಾಲು ಬರೆಯಿರಿ. ಅದನ್ನು ಮುಂದಿನ ಸಂಚಿಕೆಯಲ್ಲೇ ಅಚ್ಚು ಹಾಕುತ್ತೇವೆ.